ಮುಂಗಡ ಕೇಳ್ತಾರೆ, ಆದರೂ ಚೀಟಿ ಬಿಡಲ್ಲ: ನೈರೋಬಿಯ ಒಂಟಿ ತಾಯಂದಿರ ಮನೆ ಲೆಕ್ಕ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದ ಮೇಲೆ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿದ್ದೇವೆ. ಬಟ್ಟೆ, ಪಾತ್ರೆ, ಕಸ ಗುಡಿಸಿ ಒರೆಸಲು ವಾರಕ್ಕೆ ನಾಲ್ಕು ದಿನ ಒಬ್ಬರು ಬರುತ್ತಾರೆ. ಮೂವತ್ತರ ಮೇಲಿನ ವಯಸ್ಸು, ಮೂರು ಮಕ್ಕಳು, ಗಂಡ ಜೊತೆಗಿಲ್ಲ. ಕಾಂಗೆಮಿಯಲ್ಲಿ ಒಂದೇ ರೂಮಿನ ಬಾಡಿಗೆ ಮನೆ. ಜನವರಿಯಲ್ಲಿ ಸ್ಕೂಲ್ ಖರ್ಚಿಗೆ ಅಂತ ಮುಂಗಡ ಕೇಳಿದರು, ಕೊಟ್ಟೆವು. ಅದೇ ವಾರ ‘ಚಾಮಾ’ ಅನ್ನೋ ಚೀಟಿಗೆ ದುಡ್ಡು ಕಟ್ಟಿದೆ ಅಂತ ಅವರೇ ಹೇಳಿದರು! ಅಡುಗೆ ಎಣ್ಣೆ, ಸಕ್ಕರೆ ಎಲ್ಲಾ ಅಂದಂದಿಗೆ ಬೇಕಾದಷ್ಟೇ ಕೊಳ್ಳುತ್ತಾರೆ. ಒಟ್ಟಿಗೆ ತಂದರೆ ಉಳಿಯುತ್ತೆ ಅಂದರೆ ಸುಮ್ನೆ ನಗುತ್ತಾರೆ. ದೊಡ್ಡ ಮಗಳನ್ನು ಕಾಕಮೇಗಾ ಕಡೆ ಅಜ್ಜಿ ಮನೆಗೆ ಕಳಿಸಿದ್ದಾರೆ. ‘ಇವರಿಗೆ ದುಡ್ಡು ನಿಭಾಯಿಸೋಕೆ ಬರಲ್ಲ’ ಅಂತಾರೆ ನಮ್ಮವರು. ನಿಜವಾ? ಮಕ್ಕಳ ಅಪ್ಪ ಯಾಕೆ ಏನೂ ಕೊಡಲ್ಲ? ನಾವು ಸಹಾಯ ಮಾಡುವುದಾದರೆ ಹೇಗೆ ಮಾಡಬೇಕು?
– ಹೆಸರು ಬೇಡ ಎಂದ ಓದುಗರು, ನೈರೋಬಿ

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೇ ಬರೋಣ. ದುಡ್ಡು ನಿಭಾಯಿಸಲು ಬರದವರು ಮೂರು ಮಕ್ಕಳನ್ನು ಕಟ್ಟಿಕೊಂಡು ನೈರೋಬಿಯಲ್ಲಿ ಹೆಚ್ಚು ದಿನ ನಿಲ್ಲಲು ಆಗುವುದಿಲ್ಲ. ಬಾಡಿಗೆ ಬಾಕಿಯಾಗಿ, ಮನೆಗೆ ಬೀಗ ಬಿದ್ದು, ಎಂದೋ ಊರಿನ ಬಸ್ಸು ಹತ್ತಿರುತ್ತಾರೆ. ಆಕೆ ಇನ್ನೂ ಅಲ್ಲೇ ಇದ್ದಾರೆ ಅಂದರೆ ಲೆಕ್ಕ ಚೆನ್ನಾಗಿಯೇ ಬರುತ್ತದೆ ಅಂತ ಅರ್ಥ.

ನಾವು ನೀವು ಹಾಕುವುದು ತಿಂಗಳ ಸಂಬಳದವರ ಲೆಕ್ಕ. ಒಂದನೇ ತಾರೀಕು ಇಷ್ಟು ಬರುತ್ತೆ, ಅದರಲ್ಲಿ ಇಷ್ಟು ದಿನಸಿ, ಇಷ್ಟು ಉಳಿತಾಯ. ಆಕೆಗೆ ನಿಮ್ಮಲ್ಲಿ ನಾಲ್ಕು ದಿನದ ಕೆಲಸ. ಉಳಿದ ದಿನ ಎಲ್ಲಾದರೂ ಬಟ್ಟೆ ಒಗೆಯುವ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೀಗೆ ಮನೆ ಮನೆಗೆ ಹೋಗಿ ಒಗೆಯುವವರನ್ನು ಅಲ್ಲಿ ‘ಮಾಮಾ ಫುವಾ’ ಅನ್ನುತ್ತಾರೆ, ನೀವೂ ಕೇಳಿರುತ್ತೀರಿ. ಈಸ್ಟ್‌ಲೀ ಕಡೆ ಬೆಳಿಗ್ಗೆ ಹೋದರೆ ರಸ್ತೆ ಬದಿಯಲ್ಲಿ ಸಾಲಾಗಿ ಕೂತು, ಯಾರಾದರೂ ಕೆಲಸಕ್ಕೆ ಕರೆಯಲಿ ಅಂತ ಕಾಯುವ ಹೆಂಗಸರು ಕಾಣುತ್ತಾರೆ. ಕೆಲವರಿಗೆ ಕರೆ ಬರುತ್ತದೆ. ಉಳಿದವರು ಬರಿಗೈಲಿ ಮನೆಗೆ ಹೋಗುತ್ತಾರೆ.

ಬರುವ ದುಡ್ಡಿಗೆ ತಾರೀಕಿಲ್ಲ, ಹೋಗುವ ದುಡ್ಡಿಗೆ ಮಾತ್ರ ಪಕ್ಕಾ ತಾರೀಕಿದೆ. ಬಾಡಿಗೆಗೆ ತಾರೀಕಿದೆ, ಸ್ಕೂಲಿಗೆ ತಾರೀಕಿದೆ. ನೀರು ಮಾತ್ರ ದಿನದ ಖರ್ಚು: ಇಂಥ ಬಡಾವಣೆಗಳಲ್ಲಿ ನಲ್ಲಿ ಮನೆಯೊಳಗೆ ಇರುವುದು ಅಪರೂಪ, 20 ಲೀಟರಿನ ಕ್ಯಾನಿಗೆ ಇಷ್ಟು ಅಂತ ಕೊಟ್ಟು ತುಂಬಿಸಿಕೊಳ್ಳಬೇಕು. ನಲ್ಲಿ ಒಣಗಿದ ವಾರ ಅದೇ ಕ್ಯಾನಿನ ಬೆಲೆ ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ಎಷ್ಟೋ ಕಡೆ ಶೌಚಾಲಯಕ್ಕೂ ಪ್ರತಿ ಸಲ ಚಿಲ್ಲರೆ ಕೊಡಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ಲೆಕ್ಕ ಹಾಕಿ ನೋಡಿ. ಸಂಪಾದನೆ ಕಡಿಮೆ ಅನ್ನುವುದು ಕಷ್ಟ ನಿಜ. ಅದು ಯಾವಾಗ ಬರುತ್ತೆ ಅಂತ ಗೊತ್ತಿಲ್ಲದಿರುವುದು, ನನ್ನ ಪ್ರಕಾರ, ಅದಕ್ಕಿಂತ ದೊಡ್ಡ ಕಷ್ಟ. ನೀವು ಬರೆದ ಮೂರೂ ವಿಷಯ, ಅಂದರೆ ಎಣ್ಣೆ, ಚೀಟಿ, ಊರಿಗೆ ಹೋದ ಮಗಳು, ಈ ಒಂದೇ ಬೇರಿನಿಂದ ಬಂದವು.

ಎಣ್ಣೆಯಿಂದಲೇ ಶುರು ಮಾಡೋಣ. ಕಾಂಗೆಮಿ, ಕಿಬೇರಾ, ಮಥಾರೆಯಂಥ ಬಡವರ ಬಡಾವಣೆಗಳ ಚಿಕ್ಕ ಅಂಗಡಿಗಳಲ್ಲಿ ಸಂಜೆ ಸ್ವಲ್ಪ ಹೊತ್ತು ನಿಂತು ನೋಡಿ. ಮನೆಯಿಂದ ತಂದ ಬಾಟಲಿಗೆ ಹತ್ತಿಪ್ಪತ್ತು ಶಿಲ್ಲಿಂಗಿನ ಎಣ್ಣೆ ಅಳೆದು ಹಾಕುತ್ತಾರೆ. ಸಕ್ಕರೆಯೂ ಪುಟ್ಟ ಪೊಟ್ಟಣದಲ್ಲಿ. ಪಕ್ಕದಲ್ಲೇ ತರಕಾರಿ ಮಾರುವ ‘ಮಾಮಾ ಮ್ಬೋಗಾ’ ಕೂತಿರುತ್ತಾರೆ. ಸುಕುಮಾ ವಿಕಿ ಸೊಪ್ಪಿನ ಎಲೆಗಳನ್ನು ಸುರುಳಿ ಸುತ್ತಿ, ಎಡಗೈಲಿ ಒತ್ತಿ ಹಿಡಿದು, ಚಾಕುವಿನಿಂದ ದಾರದಷ್ಟು ಸಣ್ಣಗೆ ಹೆಚ್ಚಿ ಚೀಲಕ್ಕೆ ಹಾಕಿ ಕೊಡುತ್ತಾರೆ. ಮಾತಾಡುತ್ತಲೇ ಹೆಚ್ಚುತ್ತಾರೆ, ಕೈ ಕಡೆ ನೋಡುವುದೂ ಇಲ್ಲ. ಕೊಳ್ಳುವವರಿಗೆ ಮನೆಗೆ ಹೋಗಿ ಹೆಚ್ಚುವ ಸಮಯ ಉಳಿಯಿತು, ಬಾಣಲೆಗೆ ಹಾಕಿದರೆ ಬೇಗ ಬೇಯುತ್ತದೆ, ಇದ್ದಿಲೂ ಉಳಿಯಿತು. ಹಾಗೆ ಹೆಚ್ಚಿ ಕೊಡುವವರಲ್ಲೂ ಒಬ್ಬರೇ ಮನೆ ನಡೆಸುವ ತಾಯಂದಿರು ಬೇಕಾದಷ್ಟು ಜನ ಇದ್ದಾರೆ. ಅವರು ನಸುಕಿನಲ್ಲೇ ಎದ್ದು ವಾಕುಲಿಮಾ ಸಗಟು ಮಾರುಕಟ್ಟೆಗೆ ಹೋಗಿ ಮಾಲು ತಂದಿರುತ್ತಾರೆ.

ಒಟ್ಟಿಗೆ ತಂದರೆ ಲೀಟರಿಗೆ ಕಡಿಮೆ ಬೀಳುತ್ತದೆ, ಅದು ಆಕೆಗೂ ಗೊತ್ತು. ನಕ್ಕಿದ್ದು ಅದಕ್ಕೇ. ಒಟ್ಟಿಗೆ ತರಲು ಒಟ್ಟಿಗೆ ದುಡ್ಡು ಬೇಕಲ್ವಾ? ಇದ್ದರೂ ಹತ್ತಡಿಗೆ ಹತ್ತಡಿಯ ತಗಡಿನ ರೂಮಿನಲ್ಲಿ ಎರಡು ಲೀಟರ್ ಎಣ್ಣೆ ಇಟ್ಟುಕೊಂಡರೆ ಪಕ್ಕದ ಮನೆಯವರಿಗೆ ಕಾಣುತ್ತದೆ, ‘ಸ್ವಲ್ಪ ಕೊಡಿ’ ಅಂತ ಬಟ್ಟಲು ಹಿಡಿದು ಬರುತ್ತಾರೆ. ಇಲ್ಲ ಅನ್ನುವ ಹಾಗಿಲ್ಲ, ನಾಳೆ ಇವರೂ ಅವರ ಬಾಗಿಲಿಗೆ ಹೋಗಬೇಕು. ನಾಳಿದ್ದು ಮಗುವಿಗೆ ಜ್ವರ ಬಂದರೆ ಎಣ್ಣೆ ಕೊಟ್ಟು ಔಷಧಿ ತರಲು ಆಗುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳಲು ತೆರುವ ಬೆಲೆ ಅದು. ದುಬಾರಿ ಹೌದು, ದಡ್ಡತನ ಅಲ್ಲ.

ಈಗ ಚಾಮಾ. ನಿಮ್ಮನ್ನು ಹೆಚ್ಚು ಕಾಡಿದ್ದು ಇದೇ ಅನ್ನಿಸಿತು. ನಮ್ಮಿಂದ ಸಾಲ ತಗೊಂಡು ಅಲ್ಲಿ ಕಟ್ಟಿದರು ಅಂದರೆ ಯಾರಿಗಾದರೂ ಒಂಥರಾ ಆಗುತ್ತದೆ.

ನಮ್ಮ ಕಡೆಯ ಕೈಚೀಟಿ ಗೊತ್ತಿದ್ದವರಿಗೆ ಚಾಮಾ ಅರ್ಥ ಮಾಡಿಸುವುದು ಸುಲಭ. ಹತ್ತು ಹೆಂಗಸರು ವಾರಕ್ಕೆ 500 ಶಿಲ್ಲಿಂಗ್ ಹಾಕಿದರೆ ವಾರಕ್ಕೊಬ್ಬರಿಗೆ 5,000 ಒಟ್ಟಿಗೆ ಸಿಗುತ್ತದೆ. ಕೂಗಿ ಕಡಿಮೆಗೆ ಎತ್ತುವ ಹರಾಜು ಸಾಮಾನ್ಯವಾಗಿ ಇರುವುದಿಲ್ಲ, ಸರದಿ ಪ್ರಕಾರ ನಡೆಯುತ್ತದೆ. ಆ 5,000ದಲ್ಲಿ ಯೂನಿಫಾರ್ಮು, ಹಾಸಿಗೆ, ವ್ಯಾಪಾರಕ್ಕೆ ಮಾಲು, ಏನೋ ಒಂದು ದೊಡ್ಡ ಖರ್ಚು ದಾಟುತ್ತದೆ. ಇದು ಕೀನ್ಯಾದ್ದು ಮಾತ್ರ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದೇ ಸ್ಟಾಕ್‌ವೆಲ್, ಆಡಿಸ್ ಅಬಾಬಾದಲ್ಲಿ ಇಕುಬ್. ಘಾನಾದ ಅಕ್ರಾದಲ್ಲಿ ಸುಸು ಅನ್ನುವ ಪದ್ಧತಿಯಲ್ಲಿ ಒಬ್ಬ ಏಜೆಂಟ್ ದಿನಾ ಅಂಗಡಿ ಅಂಗಡಿಗೆ ಬಂದು ದುಡ್ಡು ಪಡೆದು ಚೀಟಿಯಲ್ಲಿ ಗುರುತು ಹಾಕಿ ಹೋಗುತ್ತಾನೆ. ತಿಂಗಳ ಕೊನೆಗೆ ಎಲ್ಲಾ ವಾಪಸ್ ಕೊಟ್ಟು, ಒಂದು ದಿನದ ಕಂತನ್ನು ತನ್ನ ಕೂಲಿ ಅಂತ ಇಟ್ಟುಕೊಳ್ಳುತ್ತಾನೆ. ಅಂದರೆ ಉಳಿತಾಯಕ್ಕೆ ಬಡ್ಡಿ ಸಿಗುವ ಬದಲು ಇವರೇ ಕೈಯಿಂದ ಕೊಡುತ್ತಾರೆ! ಆದರೂ ಜನ ಬಿಡುವುದಿಲ್ಲ. ಯಾಕೆಂದರೆ ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ, ಕೇಳುವವರು ಜಾಸ್ತಿ.

ಕಿಬೇರಾದ ಚಾಮಾಗಳ ಬಗ್ಗೆ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರೇ. ಅದರಲ್ಲೂ ಗಂಡನ ಜೊತೆ ಇರುವ ಎಷ್ಟೋ ಹೆಂಗಸರು ಚಾಮಾ ಸೇರುವುದು ಉಳಿತಾಯವನ್ನು ಗಂಡನ ಕೈಯಿಂದ ದೂರ ಇಡಲು ಅಂತ ಅವರು ವಾದಿಸಿದರು. ನಮ್ಮಲ್ಲಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂಟಿ ತಾಯಿಗೆ ಗಂಡನ ಕಾಟ ಇಲ್ಲ, ಆದರೆ ತಮ್ಮನ ಫೀಸು, ಅಮ್ಮನ ಔಷಧಿ, ಊರಲ್ಲಿ ಯಾರೋ ತೀರಿಕೊಂಡರೆ ಮಣ್ಣಿನ ಖರ್ಚು, ಎಲ್ಲದಕ್ಕೂ ಫೋನು ಬರುತ್ತದೆ. ‘ಚಾಮಾಗೆ ಕಟ್ಟಿಬಿಟ್ಟೆ’ ಅನ್ನುವುದು ಅಲ್ಲಿ ಎಲ್ಲರೂ ಒಪ್ಪುವ ಉತ್ತರ.

ಇನ್ನೂ ಒಂದು ಮಾತು. ಚೀಟಿ ತಪ್ಪಿಸಿದರೆ ಹೋಗುವುದು ಆ ವಾರದ 500 ಮಾತ್ರ ಅಲ್ಲ. ರಾತ್ರಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಉಳಿದ ಮಕ್ಕಳ ಹತ್ತಿರ ಬಂದು ಕೂರುವವರು ಆ ಗುಂಪಿನವರೇ. ಸಾವಾದರೆ ದುಡ್ಡು ಎತ್ತಿ ಕೊಡುವವರು ಅವರೇ. ಹೀಗಾಗಿ ದುಡ್ಡು ಸಾಲದ ವಾರ ಆಕೆ ಮೊದಲು ಕಡಿಮೆ ಮಾಡುವುದು ತಮ್ಮ ಊಟ, ಕೊನೆಗೆ ಮುಟ್ಟುವುದು ಚಾಮಾ. ಮುಂಗಡಕ್ಕೆ ನಿಮ್ಮ ಹತ್ತಿರ ಬಂದಿದ್ದೂ ಲೆಕ್ಕ ಹಾಕಿಯೇ. ಬೇರೆ ದಾರಿ ಏನಿತ್ತು? ಫೋನಿನಲ್ಲಿ ಸಿಗುವ ಸಾಲ. ಫೋನಿನಲ್ಲೇ ದುಡ್ಡು ಇಟ್ಟುಕೊಂಡು ಕಳಿಸುವ ಸೇವೆಯಾದ ಎಂ-ಪೆಸಾ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಖರ್ಚು ಮಾಡಲು ಬಿಡುವ ಫುಲಿಝಾ 2019ರಲ್ಲಿ ಬಂತು. ಅದರ ಶುಲ್ಕ ದಿನದ ಲೆಕ್ಕದಲ್ಲಿ ಏರುತ್ತಾ ಹೋಗುತ್ತದೆ. ಅದರ ಜೊತೆಗೆ ಸಾಲದ ಆ್ಯಪ್‌ಗಳು ಬೇಕಾದಷ್ಟಿವೆ. ಅವಕ್ಕೆ ಹೋಲಿಸಿದರೆ ನೀವು ಬಡ್ಡಿ ಕೇಳದೆ ಸಾಲ ಕೊಡುವವರು. ನಾನು ಆಕೆಯ ಜಾಗದಲ್ಲಿದ್ದರೂ ನಿಮ್ಮನ್ನೇ ಕೇಳುತ್ತಿದ್ದೆ.

ಹಾಗಂತ ಚಾಮಾವನ್ನು ಹೊಗಳಿ ಅಟ್ಟಕ್ಕೇರಿಸುವ ಬರಹಗಳು ನನಗೆ ಹಿಡಿಸುವುದಿಲ್ಲ. ಸರದಿ ಬರುವ ಮೊದಲೇ ಗುಂಪು ಒಡೆಯುವುದುಂಟು, ದುಡ್ಡು ಎತ್ತಿಕೊಂಡ ಸದಸ್ಯೆ ಮನೆ ಖಾಲಿ ಮಾಡಿಕೊಂಡು ಹೋಗುವುದುಂಟು. ಎಲ್ಲಕ್ಕಿಂತ ಮುಖ್ಯ, ತೀರಾ ಬಡವರನ್ನು ಯಾವ ಗುಂಪೂ ಸೇರಿಸಿಕೊಳ್ಳುವುದಿಲ್ಲ. ವಾರ ವಾರ ಕಟ್ಟುವ ಭರವಸೆ ಇಲ್ಲದವರನ್ನು ಸೇರಿಸಿಕೊಂಡರೆ ಉಳಿದವರ ದುಡ್ಡಿಗೆ ಸಂಚಕಾರ. ನಿಮ್ಮ ಮನೆಗೆ ಬರುವವರು ಚಾಮಾದಲ್ಲಿದ್ದಾರೆ ಅಂದರೆ ಆಕೆ ಆ ಬೀದಿಯಲ್ಲಿ ಸ್ವಲ್ಪ ಗಟ್ಟಿಯಾಗಿ ನಿಂತವರು. ಆ ಗಟ್ಟಿತನಕ್ಕೆ ನಿಮ್ಮ ಮನೆಯ ಕೆಲಸವೂ ಒಂದು ಕಾರಣ.

ಎಂ-ಪೆಸಾ ಬಗ್ಗೆಯೂ ಎರಡು ಮಾತು ಹೇಳಬೇಕು. 2007ರ ಮಾರ್ಚ್‌ನಲ್ಲಿ ಶುರುವಾದ ಈ ಸೇವೆ ಕೀನ್ಯಾದಲ್ಲಿ ಸುಮಾರು 1,94,000 ಕುಟುಂಬಗಳನ್ನು, ಅಂದರೆ ದೇಶದ ಕುಟುಂಬಗಳಲ್ಲಿ ಶೇ. 2ರಷ್ಟನ್ನು ಬಡತನದಿಂದ ಮೇಲೆತ್ತಿತು ಎಂದು 2016ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಹೆಂಗಸರೇ ಯಜಮಾನಿಯಾಗಿರುವ ಮನೆಗಳಲ್ಲಿ ಪರಿಣಾಮ ಇನ್ನೂ ಜಾಸ್ತಿ ಕಂಡಿತು. ಕಷ್ಟ ಬಂದ ದಿನವೇ ಊರಿಂದಲೋ ಬೇರೆ ಪಟ್ಟಣದಿಂದಲೋ ಅಣ್ಣ, ಅಕ್ಕ ನೂರಿನ್ನೂರು ಕಳಿಸಬಹುದು. ದುಡ್ಡನ್ನು ಯಾರಿಗೂ ಕಾಣದ ಹಾಗೆ ಸಿಮ್ಮಿನಲ್ಲಿ ಇಡಬಹುದು. ಗಂಡ ಇರುವ ಮನೆಯಲ್ಲಿ ಒಬ್ಬರ ಸಂಪಾದನೆ ನಿಂತರೆ ಇನ್ನೊಬ್ಬರದು ಇರುತ್ತದೆ. ಇಲ್ಲಿ ಆ ಇನ್ನೊಬ್ಬರ ಕೆಲಸವನ್ನು ಒಂದಿಷ್ಟು ಮಟ್ಟಿಗೆ ಫೋನು ಮಾಡುತ್ತದೆ.

ಮಕ್ಕಳ ವಿಷಯ ಇದಕ್ಕಿಂತ ಕಠಿಣ. ದುಡ್ಡನ್ನು ಸಾಲ ತರಬಹುದು, ಸಮಯವನ್ನು ಎಲ್ಲಿಂದ ತರುವುದು?

ಚಿಕ್ಕ ಮಗುವನ್ನು ಎಲ್ಲಿ ಬಿಟ್ಟು ಬರುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಹೆಚ್ಚಾಗಿ ಬೀದಿಯಲ್ಲೇ ಯಾರದೋ ಮನೆಯಲ್ಲಿ ನಡೆಯುವ ‘ಬೇಬಿ ಕೇರ್’, ದಿನದ ಲೆಕ್ಕದ ಫೀಸು. ಒಂದು ರೂಮು, ಒಬ್ಬರೇ ನೋಡಿಕೊಳ್ಳುವವರು, ನೆಲದ ಮೇಲೆ ಹತ್ತಾರು ಮಕ್ಕಳು. ಕೆಲವು ಕಡೆ ಚೆನ್ನಾಗಿರುತ್ತದೆ, ಕೆಲವು ಕಡೆ ಗಾಳಿ ಬೆಳಕೂ ಇರುವುದಿಲ್ಲ. ಕಿಡೊಗೊ ಎಂಬ ಸಂಸ್ಥೆ ಇಂಥ ಮನೆಮಟ್ಟದ ಕೇಂದ್ರ ನಡೆಸುವ ಹೆಂಗಸರಿಗೆ ತರಬೇತಿ ಕೊಟ್ಟು ಮಟ್ಟ ಸುಧಾರಿಸುವ ಕೆಲಸ ಮಾಡುತ್ತಿದೆ. ದುಡ್ಡಿಲ್ಲದ ದಿನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗಬೇಕು, ಅಥವಾ ದೊಡ್ಡ ಮಗಳು ಸ್ಕೂಲು ತಪ್ಪಿಸಿ ಮನೆಯಲ್ಲಿ ಇರಬೇಕು.

ನೈರೋಬಿಯ ಕೊರೊಗೋಚೊ ಎಂಬ ಬಡವರ ಬಡಾವಣೆಯಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕೆಲವು ತಾಯಂದಿರಿಗೆ ಮಕ್ಕಳ ಪಾಲನಾ ಕೇಂದ್ರದ ಖರ್ಚಿಗೆ ರಿಯಾಯಿತಿ ಚೀಟಿ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಚೀಟಿ ಸಿಕ್ಕ ತಾಯಂದಿರು ಕೆಲಸದಲ್ಲಿರುವ ಪ್ರಮಾಣ 8.5 ಶೇಕಡಾಂಶ ಹೆಚ್ಚಿತ್ತು. ಆದರೆ ಆ ಏರಿಕೆ ಬಂದಿದ್ದು ಮುಖ್ಯವಾಗಿ ಮದುವೆಯಾದ ತಾಯಂದಿರಿಂದ. ಒಂಟಿ ತಾಯಂದಿರಲ್ಲಿ ಕೆಲಸಕ್ಕೆ ಹೋಗುವವರ ಸಂಖ್ಯೆ ಅಷ್ಟಾಗಿ ಏರಲಿಲ್ಲ. ಏರುವುದಾದರೂ ಹೇಗೆ, ಅವರು ಮೊದಲೇ ದುಡಿಯುತ್ತಿದ್ದರು! ಅವರಿಗಾದ ಲಾಭ ಬೇರೆ ಥರದ್ದು: ಹೊತ್ತುಗೊತ್ತು ಸರಿಯಾಗಿರುವ ಕೆಲಸಕ್ಕೆ ಬದಲಾದರು, ಕಡಿಮೆ ಗಂಟೆ ದುಡಿದರು, ಸಂಪಾದನೆ ಮಾತ್ರ ಕಡಿಮೆಯಾಗಲಿಲ್ಲ. ಒಂಟಿ ತಾಯಿಗೆ ಬೇಕಾಗಿರುವುದು ಇನ್ನಷ್ಟು ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಆಕೆ ಈಗಾಗಲೇ ಜಾಸ್ತಿ ದುಡಿಯುತ್ತಿದ್ದಾರೆ. ಬೇಕಾಗಿರುವುದು ಹೊತ್ತು ಗೊತ್ತಿರುವ ಕೆಲಸ.

ದೊಡ್ಡ ಮಗಳನ್ನು ಅಜ್ಜಿ ಮನೆಗೆ ಕಳಿಸಿದ್ದೂ ಇದೇ ಲೆಕ್ಕದಲ್ಲಿ ಬರುತ್ತದೆ. ಊರಲ್ಲಿ ಬಾಡಿಗೆ ಇಲ್ಲ, ಹೊಲದಲ್ಲಿ ಒಂದಿಷ್ಟು ಮೆಕ್ಕೆಜೋಳ ಬೆಳೆಯುತ್ತದೆ, ಅಜ್ಜಿಗೆ ನೀರು ಹೊರಲು ಒಂದು ಕೈ ಸಿಗುತ್ತದೆ. ಕೀನ್ಯಾದಲ್ಲಿ 2003ರಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ನೈರೋಬಿಯ ಇಂಥ ಬಡಾವಣೆಗಳಲ್ಲಿ ಸರ್ಕಾರಿ ಶಾಲೆಗಳು ಸಾಲದೆ ಮಕ್ಕಳು ಕಡಿಮೆ ಫೀಸಿನ ಖಾಸಗಿ ಶಾಲೆಗಳಿಗೆ ಹೋಗುತ್ತಾರೆ. ಹುಡುಗಿ ಹನ್ನೆರಡು ಹದಿಮೂರಕ್ಕೆ ಬಂದಾಗ ಒಂದೇ ರೂಮಿನ ಮನೆ, ಕತ್ತಲಾದ ಮೇಲೆ ದೂರದ ಶೌಚಾಲಯ, ಅಮ್ಮ ಬರುವವರೆಗೆ ಒಬ್ಬಳೇ ಇರಬೇಕಾದ ಸಂಜೆ, ಇವೆಲ್ಲ ತಾಯಿಯ ನಿದ್ದೆ ಕೆಡಿಸುತ್ತವೆ. ಹಾಗೆ ಕಳಿಸುವುದು ಅಲ್ಲಿ ಮಾಮೂಲಿ, ಅದಕ್ಕೆ ಯಾರೂ ‘ಮಗುವನ್ನು ಬಿಟ್ಟಳು’ ಅನ್ನುವುದಿಲ್ಲ. ಆದರೆ ಇದು ಖರ್ಚಿಲ್ಲದ ಉಪಾಯವೂ ಅಲ್ಲ. ಅಜ್ಜಿಗೆ ತಿಂಗಳು ತಿಂಗಳು ಏನಾದರೂ ಕಳಿಸಲೇಬೇಕು, ಕಳಿಸದಿದ್ದರೆ ಮಗಳು ವಾಪಸ್ ಬರುತ್ತಾಳೆ ಅಥವಾ ಅಲ್ಲಿ ಅವಳ ಊಟ ಓದು ಎರಡೂ ಹಿಂದೆ ಬೀಳುತ್ತವೆ. ತವರಿನವರೆಲ್ಲ ಬೆನ್ನಿಗಿರುತ್ತಾರೆ ಅನ್ನುವುದೂ ಎಲ್ಲರ ವಿಷಯದಲ್ಲಿ ನಿಜವಲ್ಲ. ಕೆಲವರಿಗೆ ಊರಿನಿಂದ ಬರುವುದಕ್ಕಿಂತ ಊರಿಗೆ ಹೋಗುವ ದುಡ್ಡೇ ಜಾಸ್ತಿ.

ಇನ್ನು ಅಪ್ಪ ಎಲ್ಲಿ ಅನ್ನುವ ಪ್ರಶ್ನೆ. ಆಕೆಯನ್ನು ನೇರವಾಗಿ ಕೇಳಬೇಡಿ, ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ. ‘ಒಂಟಿ ತಾಯಿ’ ಅನ್ನುವ ಒಂದು ಹೆಸರಿನಡಿ ವಿಧವೆ, ಬಿಟ್ಟು ಬಂದವರು, ಬಿಡಲ್ಪಟ್ಟವರು, ಮದುವೆಗೆ ಮುಂಚೆ ಮಗುವಾದವರು, ಹೊಡೆತ ತಾಳದೆ ರಾತ್ರೋರಾತ್ರಿ ಹೊರಟವರು ಎಲ್ಲರೂ ಬರುತ್ತಾರೆ. ದೇಶದಿಂದ ದೇಶಕ್ಕೂ ಅಜಗಜಾಂತರ. ಇಥಿಯೋಪಿಯಾದಲ್ಲಿ ಮದುವೆಗೆ ಮುಂಚೆ ತಾಯಿಯಾಗುವವರು ಶೇ. 5ರಷ್ಟು ಮಾತ್ರ, ಲೈಬೀರಿಯಾದಲ್ಲಿ ಮೂವರಲ್ಲಿ ಒಬ್ಬರು ಎಂದು 2013ರಲ್ಲಿ ಬಂದ, 11 ದೇಶಗಳ ಅಧ್ಯಯನ ಹೇಳಿತು. ‘ಆಫ್ರಿಕಾದಲ್ಲಿ ಹೀಗೆ’ ಅಂತ ಒಂದೇ ಮಾತಲ್ಲಿ ಹೇಳುವವರನ್ನು ನಂಬಬೇಡಿ. ನೈರೋಬಿಯಲ್ಲಿ ಶಾಸ್ತ್ರೋಕ್ತ ಮದುವೆ ಇಲ್ಲದೆ ಒಟ್ಟಿಗೆ ಬಾಳುವುದು ಸಾಮಾನ್ಯ. ವಧುವಿಗಾಗಿ ಕೊಡಬೇಕಾದ ತೆರ ಹೊಂದಿಸುವ ಶಕ್ತಿ ಹುಡುಗನಿಗೆ ಇರುವುದಿಲ್ಲ, ಎರಡೂ ಮನೆಯವರು ಕೂತು ಮಾತಾಡಿರುವುದಿಲ್ಲ. ಅಂಥ ಸಂಸಾರ ಮುರಿದಾಗ ನ್ಯಾಯ ಹೇಳಲು ಹಿರಿಯರೂ ಇಲ್ಲ, ಕಾಗದವೂ ಇಲ್ಲ.

ಇದರ ಹಿಂದೆ ಊರಿನ ಚರಿತ್ರೆಯೂ ಇದೆ. ನೈರೋಬಿ 1899ರಲ್ಲಿ ರೈಲ್ವೆ ಶಿಬಿರವಾಗಿ ಹುಟ್ಟಿದ ಊರು. ಬ್ರಿಟಿಷರಿಗೆ ಬೇಕಿದ್ದುದು ದುಡಿಯುವ ಗಂಡಸರು ಮಾತ್ರ. ಅವರ ಸಂಸಾರ ಹಳ್ಳಿಯಲ್ಲೇ ಇರಲಿ ಅಂತ ಸಂಬಳ, ವಸತಿ ಎರಡನ್ನೂ ಒಬ್ಬನಿಗಾಗುವಷ್ಟೇ ಕೊಟ್ಟರು. ಆಗಲೂ ಊರಿಗೆ ಒಬ್ಬಂಟಿಯಾಗಿ ಬಂದ ಹೆಂಗಸರಿದ್ದರು. 1920ರ ದಶಕದಲ್ಲಿ ಬೆಳೆದ ಪುಮ್ವಾನಿ ಬಡಾವಣೆಯಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರಲ್ಲಿ ದೊಡ್ಡ ಪಾಲು ಹೆಂಗಸರೇ. 1970ರ ದಶಕದಲ್ಲಿ ಮಥಾರೆ ಕಣಿವೆಯಲ್ಲಿ ಒಂಟಿ ತಾಯಂದಿರು ಬುಸಾ ಅನ್ನುವ ನಾಡಬಿಯರು ಕಾಯಿಸಿ ಮಕ್ಕಳನ್ನು ಸಾಕಿದರು. ಅದು ಕಾನೂನಿಗೆ ವಿರುದ್ಧ. ಪೊಲೀಸರು ಬರುವ ಸುಳಿವು ಸಿಕ್ಕರೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟುತ್ತಿತ್ತು, ಒಬ್ಬಳು ಸಿಕ್ಕಿಬಿದ್ದರೆ ಉಳಿದವರು ನೆರವಿಗೆ ನಿಲ್ಲುತ್ತಿದ್ದರು. ಇಂದಿನ ಚಾಮಾದಲ್ಲಿ ಕಾಣುವುದೂ ಅಂಥದ್ದೇ ಒಗ್ಗಟ್ಟು.

ಕಾನೂನು ಈಗ ತಾಯಿಯ ಪರವಾಗಿದೆ. 2010ರ ಕೀನ್ಯಾ ಸಂವಿಧಾನದ 53ನೇ ವಿಧಿ ಪ್ರಕಾರ, ಮದುವೆಯಾಗಿರಲಿ ಬಿಡಲಿ, ಮಗುವನ್ನು ನೋಡಿಕೊಳ್ಳುವ ಹೊಣೆ ಅಪ್ಪ ಅಮ್ಮ ಇಬ್ಬರದೂ ಸಮ. 2022ರ ಮಕ್ಕಳ ಕಾಯ್ದೆಯ ಅಡಿಯಲ್ಲಿ ಜೀವನಾಂಶಕ್ಕೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಮಹಿಳಾ ವಕೀಲರ ಸಂಘಟನೆ ಫಿಡಾ-ಕೀನ್ಯಾ ಬಡ ಹೆಂಗಸರಿಗೆ ಕಾನೂನು ನೆರವು ಕೊಡುತ್ತದೆ. ಹಾಗಿದ್ದರೂ ಬಹಳ ಜನ ಹೋಗುವುದಿಲ್ಲ. ಕೋರ್ಟಿಗೆ ಹೋದ ದಿನ ಕೂಲಿ ಹೋಯಿತು. ಅವನಿಗೂ ಗೊತ್ತಾದ ಸಂಬಳ ಇಲ್ಲದಿದ್ದರೆ ಆದೇಶ ಬಂದರೂ ವಸೂಲಿ ಎಲ್ಲಿಂದ? ಕೆಲವರಿಗೆ ಇನ್ನೊಂದು ಭಯ: ಕೇಳಲು ಹೋದರೆ ‘ಮಗು ನಮ್ಮ ಮನೆತನದ್ದು’ ಅಂತ ಅವರ ಕಡೆಯವರು ಎತ್ತಿಕೊಂಡು ಹೋದರೆ? ಹೊಡೆದು ಬಡಿದವನಾಗಿದ್ದರೆ ಮತ್ತೆ ಅವನ ಕಣ್ಣಿಗೆ ಬೀಳುವುದೇ ಬೇಡ ಅನ್ನಿಸುವುದು ಸಹಜ. ಅಂಥ ಪರಿಸ್ಥಿತಿ ಇದ್ದರೆ ದೌರ್ಜನ್ಯಕ್ಕೆ ಒಳಗಾದವರ ಸಹಾಯವಾಣಿ 1195, ಮಕ್ಕಳ ಸಹಾಯವಾಣಿ 116. ಎರಡಕ್ಕೂ ಕರೆ ಉಚಿತ. ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ದಕ್ಷಿಣ ಆಫ್ರಿಕಾದಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ 1998ರಿಂದ ಸರ್ಕಾರವೇ ಬಡ ಮಕ್ಕಳ ಪಾಲಕರಿಗೆ ಮಾಸಿಕ ಸಹಾಯಧನ ಕೊಡುತ್ತಿದೆ. ಈಗ ಮಗುವಿಗೆ 500 ರಾಂಡ್‌ಗಿಂತ ಸ್ವಲ್ಪ ಹೆಚ್ಚು, ಸುಮಾರು 1.3 ಕೋಟಿ ಮಕ್ಕಳ ಹೆಸರಲ್ಲಿ ಸಂದಾಯವಾಗುತ್ತದೆ. ಮೊತ್ತ ಸಣ್ಣದು, ಆದರೆ ತಿಂಗಳು ತಿಂಗಳು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಸೊವೆಟೋದ ತಾಯಿ ಅಂಗಡಿಯಲ್ಲಿ ಉದ್ದರಿ ಕೇಳಬಹುದು. ಕೀನ್ಯಾದಲ್ಲಿ ‘ಇನುವಾ ಜಮೀ’ ಯೋಜನೆಯಲ್ಲಿ ತಿಂಗಳಿಗೆ 2,000 ಶಿಲ್ಲಿಂಗ್ ಇದೆ, ಆದರೆ ಅದು ವೃದ್ಧರಿಗೆ, ಅನಾಥ ಮಕ್ಕಳನ್ನು ಸಾಕುವವರಿಗೆ, ತೀವ್ರ ಅಂಗವೈಕಲ್ಯ ಇರುವವರಿಗೆ. ಆರೋಗ್ಯವಾಗಿರುವ, ಕೆಲಸ ಮಾಡುವ ಒಂಟಿ ತಾಯಿಗೆ ಅದರಲ್ಲಿ ಜಾಗವಿಲ್ಲ.

ಒಂದು ಖುಷಿಯ ಸಂಗತಿಯೂ ಇದೆ. ಹೆಂಗಸರೇ ಯಜಮಾನಿಯಾಗಿರುವ ಮನೆಗಳೆಂದರೆ ಬಡವರಲ್ಲೇ ಬಡವರು ಅಂತ ಎಲ್ಲರೂ ಕಣ್ಣುಮುಚ್ಚಿ ಬರೆಯುತ್ತಾರೆ. ಆಫ್ರಿಕಾದ ಹಲವು ದೇಶಗಳ ಅಂಕಿಅಂಶ ನೋಡಿದ ವಿಶ್ವಬ್ಯಾಂಕಿನ ಸಂಶೋಧಕರಿಗೆ ಕಂಡಿದ್ದು ಬೇರೆ: ಇಂಥ ಮನೆಗಳ ಸಂಖ್ಯೆ ಹೆಚ್ಚುತ್ತಿದ್ದ ಕಾಲದಲ್ಲೇ ಅವುಗಳಲ್ಲಿ ಬಡತನ, ಗಂಡಸರು ಯಜಮಾನರಾದ ಮನೆಗಳಿಗಿಂತ ಬೇಗ ಇಳಿದಿತ್ತು. ಕೀನ್ಯಾದಲ್ಲಿ ಈಗ ಸುಮಾರು ಮೂರನೇ ಒಂದು ಭಾಗ ಮನೆಗಳಿಗೆ ಹೆಂಗಸರೇ ಯಜಮಾನಿ. ಅದರಲ್ಲಿ ಗಂಡ ದೂರದಲ್ಲಿದ್ದು ದುಡ್ಡು ಕಳಿಸುವ ಮನೆಗಳೂ ಸೇರಿವೆ ಅನ್ನುವುದು ನೆನಪಿರಲಿ. ನಿಮ್ಮ ಮನೆಗೆ ಬರುವವರ ಸ್ಥಿತಿ ಹಾಗಿಲ್ಲ.

ಈಗ ನೀವು ಏನು ಮಾಡಬಹುದು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು ಸಂಬಳ. 2024ರ ನವೆಂಬರ್‌ನಿಂದ ಜಾರಿಗೆ ಬಂದ ಆದೇಶದಂತೆ ನೈರೋಬಿಯಲ್ಲಿ ಮನೆಕೆಲಸದವರಿಗೆ ಪೂರ್ಣಾವಧಿಯ ಕನಿಷ್ಠ ವೇತನ ತಿಂಗಳಿಗೆ 16,113 ಶಿಲ್ಲಿಂಗ್ ಚಿಲ್ಲರೆ, ಮನೆ ಬಾಡಿಗೆ ಭತ್ಯೆ ಬೇರೆ. ಆಮೇಲೆ ಹೊಸ ಆದೇಶ ಬಂದಿದ್ದರೆ ಅದನ್ನು ನೋಡಿಕೊಳ್ಳಿ. ನಾಲ್ಕು ದಿನಕ್ಕೆ ನೀವು ಕೊಡುತ್ತಿರುವುದು ಆ ಪ್ರಮಾಣಕ್ಕಿಂತ ಕೆಳಗಿದ್ದರೆ ಹಳೇ ಬಟ್ಟೆ, ಹಬ್ಬದ ಸಿಹಿ ಕೊಡುವ ಮೊದಲು ಅದನ್ನು ಸರಿ ಮಾಡಿ. ‘ಎಲ್ಲರೂ ಇಷ್ಟೇ ಕೊಡ್ತಾರೆ’ ಅನ್ನುವ ಮಾತು ನಮ್ಮವರ ಗುಂಪುಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಎಲ್ಲರೂ ಕೊಡುತ್ತಾರೆ ಅಂದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ.

ಎರಡನೆಯದು ತಾರೀಕು. ನನ್ನನ್ನು ಕೇಳಿದರೆ ಇದು ಮೊದಲನೆಯದಕ್ಕಿಂತಲೂ ಮುಖ್ಯ. ಬರುವ ದಿನಗಳು ಗೊತ್ತಾಗಿರಲಿ, ಸಂಬಳದ ದಿನ ಬದಲಾಗದಿರಲಿ. ‘ನಾಳೆ ನಾವು ಹೊರಗೆ ಹೋಗ್ತಿದ್ದೀವಿ, ಬರಬೇಡ’ ಅಂತ ಹಿಂದಿನ ರಾತ್ರಿ ಮೆಸೇಜ್ ಹಾಕಿ ಆ ದಿನದ ದುಡ್ಡು ಹಿಡಿಯುವುದು ಬೇಡ. ಬೇಸಿಗೆ ರಜೆಗೋ ಮದುವೆಗೋ ತಿಂಗಳುಗಟ್ಟಲೆ ದಾವಣಗೆರೆಗೆ ಬರುತ್ತೀರಲ್ಲ, ಆಗ ಆಕೆಗೆ ಸಂಬಳ ಕೊಡುತ್ತೀರಾ? ಬಹಳಷ್ಟು ಭಾರತೀಯ ಮನೆಗಳಲ್ಲಿ ಕೊಡುವುದಿಲ್ಲ. ನೀವು ವಿಮಾನ ಹತ್ತಿದ ದಿನವೇ ಅಲ್ಲಿ ಒಂದು ಮನೆಯ ಆದಾಯ ನಿಂತುಹೋಗುತ್ತದೆ. ಜನವರಿಯ ಮುಂಗಡಕ್ಕೆ ಹಿಂದಿನ ಡಿಸೆಂಬರಿನ ನಿಮ್ಮ ರಜೆಯೇ ಕಾರಣ ಇರಬಹುದು, ಒಮ್ಮೆ ಯೋಚಿಸಿ. ಪೂರ್ತಿ ಆಗದಿದ್ದರೆ ಅರ್ಧವಾದರೂ ಕೊಡಿ, ಮೊದಲೇ ಹೇಳಿ ಕೊಡಿ.

ಆರೋಗ್ಯ ವಿಮೆ ವಿಚಾರಿಸಿ. ಹಳೆಯ ಎನ್‌ಎಚ್‌ಐಎಫ್ ಜಾಗಕ್ಕೆ 2024ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಆರೋಗ್ಯ ಪ್ರಾಧಿಕಾರ, ಅಂದರೆ ಎಸ್‌ಎಚ್‌ಎ ಬಂತು. ಸಂಬಳದವರಿಗೆ ವಂತಿಗೆ ಸಂಬಳದ ಶೇ. 2.75, ಕನಿಷ್ಠ 300 ಶಿಲ್ಲಿಂಗ್. ಹೆಸರು ನೋಂದಾಯಿಸಿದ್ದು, ಕಂತು ಕಟ್ಟದೆ ಬಿಟ್ಟವರು ಬಹಳ. ತಿಂಗಳುಗಟ್ಟಲೆ ನಿಮ್ಮಲ್ಲೇ ಕೆಲಸ ಮಾಡುವವರನ್ನು ದಿನಗೂಲಿ ಅಂತ ಕರೆದು ಇದರಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಒಂಟಿ ತಾಯಿಯ ಮನೆ ಮುಳುಗುವುದು ಸಾಮಾನ್ಯವಾಗಿ ಕಾಯಿಲೆಯಿಂದ. ಇಲ್ಲದಿದ್ದರೆ ಮನೆಯೇ ಹೋದಾಗ. 2024ರ ಏಪ್ರಿಲ್-ಮೇನಲ್ಲಿ ಪ್ರವಾಹ ಬಂದು, ಅದರ ಹಿಂದೆಯೇ ನದಿ ದಂಡೆಯ ಮನೆಗಳನ್ನು ಸರ್ಕಾರ ಕೆಡವಿದಾಗ ಮಥಾರೆ, ಮುಕುರುಗಳಲ್ಲಿ ಎಷ್ಟೋ ಕುಟುಂಬಗಳು ಹಾಸಿಗೆ ಪಾತ್ರೆ ಸಮೇತ ಬೀದಿಗೆ ಬಂದವು. ಅಂಥ ವಾರ ಬಂದರೆ ರಜೆ ಕೊಡಿ, ಸಂಬಳ ಹಿಡಿಯಬೇಡಿ.

ಸಂಜೆ ಬೇಗ ಬಿಡಿ. ಮಳೆ ಬಂದರೆ, ಜನ ಜಾಸ್ತಿಯಾದರೆ ಮಟಾಟು, ಅಂದರೆ ಖಾಸಗಿ ಮಿನಿ ಬಸ್ಸಿನ ದರ ಏರುತ್ತದೆ ಅಂತ ನಿಮಗೂ ಗೊತ್ತು. ದುಡ್ಡು ಉಳಿಸಲು ಆಕೆ ಕತ್ತಲಲ್ಲಿ ನಡೆದೇ ಹೋಗುತ್ತಿರಬಹುದು. ಒಂದು ಗಂಟೆ ಮುಂಚೆ ಹೊರಟರೆ ಬಸ್ಸಿನ ದುಡ್ಡೂ ಉಳಿಯುತ್ತದೆ, ಬೇಬಿ ಕೇರ್‌ನವರ ಬೈಗುಳವೂ ತಪ್ಪುತ್ತದೆ.

ಮಾಡಬಾರದ್ದು ಎರಡು. ಚಾಮಾದ ವಿಷಯದಲ್ಲಿ ಬುದ್ಧಿ ಹೇಳಬೇಡಿ, ದುಡ್ಡು ಹಾಕಲೂ ಹೋಗಬೇಡಿ. ಹೊರಗಿನವರ ದೊಡ್ಡ ದುಡ್ಡು ಬಂದರೆ ಅಂಥ ಗುಂಪುಗಳಲ್ಲಿ ಜಗಳ ಶುರುವಾಗುತ್ತದೆ. ಇನ್ನೊಂದು, ಮಗುವಿನ ಫೀಸು ನಾವೇ ಕಟ್ಟುತ್ತೇವೆ ಅಂತ ಉತ್ಸಾಹದಲ್ಲಿ ಮಾತು ಕೊಡಬೇಡಿ. ನಿಮ್ಮ ಯಜಮಾನರಿಗೆ ವರ್ಗವಾದರೆ ಅರ್ಧದಲ್ಲಿ ನಿಲ್ಲುತ್ತದೆ, ಆ ಹೊತ್ತಿಗೆ ಆಕೆ ಮಗುವನ್ನು ದುಬಾರಿ ಶಾಲೆಗೆ ಸೇರಿಸಿರುತ್ತಾರೆ. ಕಟ್ಟುವುದೇ ಆದರೆ ಒಂದು ವರ್ಷದ್ದು ಒಟ್ಟಿಗೆ ಕಟ್ಟಿ, ಮುಂದಿನ ವರ್ಷದ ಮಾತು ಮುಂದಿನ ವರ್ಷ ಅಂತ ಸ್ಪಷ್ಟವಾಗಿ ಹೇಳಿ.

ಮುಂಗಡ ಕೊಡುವುದನ್ನು ನಿಲ್ಲಿಸಬೇಡಿ, ಅದಕ್ಕೊಂದು ಕ್ರಮ ಮಾಡಿ. ಶಾಲೆಯ ಮೂರು ಅವಧಿಗಳು ಯಾವಾಗ ಶುರುವಾಗುತ್ತವೆ ಅಂತ ಆಕೆಗೆ ಗೊತ್ತು, ನಿಮಗೂ ತಿಳಿಯುತ್ತದೆ. ಪ್ರತಿ ಅವಧಿಗೆ ಇಷ್ಟು ಮುಂಗಡ, ನಂತರದ ಸಂಬಳಗಳಲ್ಲಿ ಇಷ್ಟಿಷ್ಟು ಕಡಿತ ಅಂತ ಇಬ್ಬರೂ ಕೂತು ಮಾತಾಡಿ. ಪ್ರತಿ ಸಲ ತಲೆ ತಗ್ಗಿಸಿ ಕೇಳುವ ಕಷ್ಟ ಆಕೆಗೆ ತಪ್ಪುತ್ತದೆ, ಮತ್ತೆ ಕೇಳಿದರಲ್ಲ ಅನ್ನುವ ಕಿರಿಕಿರಿ ನಿಮ್ಮ ಯಜಮಾನರಿಗೆ ತಪ್ಪುತ್ತದೆ. ಕೊಟ್ಟಿದ್ದು, ಹಿಡಿದಿದ್ದು ಎರಡನ್ನೂ ಎರಡು ಚಿಕ್ಕ ಪುಸ್ತಕದಲ್ಲಿ ಬರೆದು ಒಂದನ್ನು ಆಕೆಯ ಹತ್ತಿರ ಇರಲು ಬಿಡಿ. ಸಹಿ ಇಬ್ಬರದೂ ಇರಲಿ. ಡಿಸೆಂಬರ್ ರಜೆಯಲ್ಲಿ ಆಕೆ ಕಾಕಮೇಗಾಕ್ಕೆ ಹೋಗಿ ಮಗಳನ್ನು ನೋಡಿ ಬರುವ ಬಸ್ಸಿನ ದುಡ್ಡನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯಬೇಡಿ, ಅದನ್ನು ಹಾಗೇ ಕೊಟ್ಟುಬಿಡಿ. ಆ ತಿಂಗಳು ಟಿಕೆಟ್ ದರ ಏರುತ್ತದೆ, ಸ್ವಲ್ಪ ಮುಂಚೆಯೇ ಕೊಟ್ಟರೆ ಒಳ್ಳೆಯದು.